ಕ್ಯಾಪ್ಟನ್ ಬದಲಾವಣೆ ಮತ್ತು 75% ಆಫ್

ಕಳೆದ ಸೆಮಿಸ್ಟರ್‌ನಲ್ಲಿ ಒಂದೇ ವಾರದಲ್ಲಿ ನಾವು ಎರಡು ತಪ್ಪು ಮಾಡಿದೆವು. ಡಿಪಾರ್ಟ್‌ಮೆಂಟ್ ಕ್ರಿಕೆಟ್ ಟೀಮ್ ಸತತ ಮೂರು ಮ್ಯಾಚ್ ಸೋತಿತ್ತು. ಹಾಸ್ಟೆಲ್ ಟೆರೇಸ್ ಮೇಲೆ ಕೂತು, ಕೈ ಎತ್ತಿ ಓಟು ಹಾಕಿ ಕ್ಯಾಪ್ಟನ್‌ನ ಇಳಿಸಿದ್ವಿ. ಎರಡು ದಿನ ಬಿಟ್ಟು, ಇ-ಬುಕ್ ಸೇಲ್ ಬಂತು ಅಂತ ಎಲ್ಲರೂ ದುಡ್ಡು ಹಾಕಿ ಒಂಬತ್ತು ಪುಸ್ತಕ ಕೊಂಡ್ವಿ. ಹೊಸ ಕ್ಯಾಪ್ಟನ್ ಕೈಕೆಳಗೆ ನಾಲ್ಕು ಮ್ಯಾಚಲ್ಲಿ ಎರಡು ಗೆದ್ವಿ. ಒಂಬತ್ತು ಪುಸ್ತಕದಲ್ಲಿ ಓದಿದ್ದು ಒಂದು. ಆ ಒಂದು ಪುಸ್ತಕ ಓದಿದ ಮೇಲೇ ಗೊತ್ತಾಗಿದ್ದು, ಎರಡೂ ತಪ್ಪಿನ ಬೇರು ಒಂದೇ ಅಂತ.

ಪುಸ್ತಕ ಮೈಕೆಲ್ ಲೂಯಿಸ್ ಬರೆದ 'ಮನಿಬಾಲ್'. ಅಮೆರಿಕದ ಬೇಸ್‌ಬಾಲ್ ತಂಡ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ 2002ರಲ್ಲಿ ಆಟಗಾರರ ಸಂಬಳಕ್ಕೆ ಖರ್ಚು ಮಾಡಿದ್ದು ಸುಮಾರು 4 ಕೋಟಿ ಡಾಲರ್. ನ್ಯೂಯಾರ್ಕ್ ಯಾಂಕೀಸ್ ಖರ್ಚು 12 ಕೋಟಿಗೂ ಹೆಚ್ಚು. ಆ ಸೀಸನ್‌ನಲ್ಲಿ ಎರಡೂ ತಂಡ ಗೆದ್ದದ್ದು ತಲಾ 103 ಪಂದ್ಯ! ಓಕ್‌ಲ್ಯಾಂಡ್‌ನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಕೇಳುತ್ತಿದ್ದ ಪ್ರಶ್ನೆ ಸರಳ: ನಾವು ನೋಡ್ತಿರೋ ಸಂಖ್ಯೆ ಸರಿಯಾದ ಸಂಖ್ಯೆನಾ?

ನಮ್ಮ ಟೀಮ್‌ಗೆ ಈ ಪ್ರಶ್ನೆ ಹಾಕೋಣ. ಪ್ರತಿ ಮ್ಯಾಚ್ ಗೆಲ್ಲುವ ಸಂಭವ ಅರ್ಧಕ್ಕರ್ಧ ಇರೋ ಟೀಮ್ ಅಂದುಕೊಳ್ಳಿ. ಅದು ಸತತ ಮೂರು ಸೋಲುವ ಸಂಭವ 1/8. ಅಂದರೆ ಇಂಥ ಎಂಟು ಟೀಮ್ ಇದ್ದರೆ, ಯಾರ ತಪ್ಪೂ ಇಲ್ಲದೆ, ಸರಾಸರಿ ಒಂದು ಟೀಮ್ ಮೊದಲ ಮೂರನ್ನೂ ಸೋತಿರುತ್ತೆ. ಅದರ ಮುಂದಿನ ನಾಲ್ಕು ಮ್ಯಾಚಲ್ಲಿ ನಿರೀಕ್ಷಿಸಬಹುದಾದ ಗೆಲುವು ಎರಡು, ಕ್ಯಾಪ್ಟನ್ ಯಾರೇ ಇರಲಿ. ನಮಗೂ ಬಂದಿದ್ದು ಅಷ್ಟೇ! ಇದನ್ನೇ ರಿಗ್ರೆಶನ್ ಟು ದಿ ಮೀನ್ ಅನ್ನೋದು. ತೀರಾ ಕೆಟ್ಟ ಫಲಿತಾಂಶದ ನಂತರ ಬರೋದು ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಿರುತ್ತದೆ. ನಾವು ಮಾತ್ರ ಅದರ ಕ್ರೆಡಿಟ್ಟನ್ನು ಹೊಸಬನಿಗೆ ಕೊಟ್ಟುಬಿಡ್ತೀವಿ.

ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಫುಟ್‌ಬಾಲ್ ಲೀಗನ್ನು ಹೀಗೇ ಪರೀಕ್ಷಿಸಿದರು. ಮ್ಯಾನೇಜರ್‌ನ ತೆಗೆದ ಕ್ಲಬ್‌ಗಳನ್ನು, ಅಷ್ಟೇ ಕೆಟ್ಟದಾಗಿ ಆಡಿಯೂ ತೆಗೆಯದ ಕ್ಲಬ್‌ಗಳ ಜೊತೆ ಹೋಲಿಸಿದರು. ತೆಗೆದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ನಮ್ಮ ಆರ್‌ಸಿಬಿಯನ್ನೇ ನೋಡಿ. 2008ರಲ್ಲಿ ಸೀಸನ್ ಮಧ್ಯದಲ್ಲೇ ಸಿಇಒ ಚಾರು ಶರ್ಮಾ ಹೊರಬಿದ್ದರು, ಬ್ರಿಜೇಶ್ ಪಟೇಲ್ ಬಂದರು. ಆದರೂ ಎಂಟು ತಂಡಗಳಲ್ಲಿ ನಮ್ಮದು ಏಳನೇ ಸ್ಥಾನ. 2009ರಲ್ಲಿ ಫೈನಲ್ ತಲುಪಿದ್ವಿ. ಆದರೆ ಅಷ್ಟರಲ್ಲಿ ಕೋಚ್, ಕ್ಯಾಪ್ಟನ್, ಆಟಗಾರರು, ಕೊನೆಗೆ ಆಡೋ ದೇಶವೂ ಬದಲಾಗಿತ್ತು. ಒಂದೇ ಸಲ ಐದು ವೇರಿಯಬಲ್ ಬದಲಿಸಿದರೆ ಯಾವುದು ಕೆಲಸ ಮಾಡ್ತು ಅಂತ ಯಾವ ಲ್ಯಾಬ್‌ನಲ್ಲೂ ಹೇಳೋಕಾಗಲ್ಲ. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತರೂ ಕೋಚ್ ಆ್ಯಂಡಿ ಫ್ಲವರ್, ಕ್ಯಾಪ್ಟನ್ ಡು ಪ್ಲೆಸಿ ಇಬ್ಬರೂ ಉಳಿದರು. ಮುಂದಿನ ಆರನ್ನೂ ಗೆದ್ದು ಪ್ಲೇಆಫ್‌ಗೆ ಹೋದ್ವಿ. ಫ್ಲವರ್ ಕೋಚ್ ಆಗಿದ್ದಾಗಲೇ 2025ರಲ್ಲಿ ಕಪ್ ಬಂತು. ಬದಲಾವಣೆಯೇ ಬೇಡ ಅಂತಲ್ಲ. ಯಾಕೆ ಅನ್ನೋದಕ್ಕೆ ಮೂರು ಸೋಲಿಗಿಂತ ಗಟ್ಟಿ ಉತ್ತರ ಬೇಕು.

ಈಗ ಸೇಲ್ ವಿಷಯ. ಗೀಟು ಹಾಕಿದ 599, ಪಕ್ಕದಲ್ಲಿ 149. ಇಲ್ಲೂ ನಾವು ತಪ್ಪು ಸಂಖ್ಯೆಗೇ ಹೋಲಿಸ್ತೀವಿ. ಇ-ಬುಕ್‌ನ ಇನ್ನೊಂದು ಪ್ರತಿ ತಯಾರಿಸೋಕೆ ಹೆಚ್ಚುಕಮ್ಮಿ ಖರ್ಚೇ ಇಲ್ಲ, ಹಾಗಾಗಿ ಬೆಲೆ ಎಷ್ಟು ಬೇಕಾದರೂ ಇಳಿಸಬಹುದು. ಹೋಲಿಸಬೇಕಾದದ್ದು ಸೆಕೆಂಡ್ ಹ್ಯಾಂಡ್ ಪ್ರತಿಯ ಬೆಲೆಗೆ, ಲೈಬ್ರರಿಯಲ್ಲಿ ಸಿಗುತ್ತಾ ಅನ್ನೋದಕ್ಕೆ, ಮುಖ್ಯವಾಗಿ ನಾವು ಓದ್ತೀವಾ ಅನ್ನೋದಕ್ಕೆ. ಓದದ ಎಂಟು ಪುಸ್ತಕದ ಬೆಲೆಯನ್ನೂ ಓದಿದ ಒಂದರ ಮೇಲೆ ಹಾಕಿದರೆ, ನಾವು ಗೀಟು ಹಾಕಿದ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚೇ ಕೊಟ್ಟಂತಾಯ್ತು. ಈಗ ನಮ್ಮ ರೂಲ್ ಇಷ್ಟೇ: ಮೊದಲು ಉಚಿತ ಸ್ಯಾಂಪಲ್ ಓದು. ಅದು ಮುಗಿದ ಮೇಲೂ ಮುಂದಿನ ಪುಟ ಬೇಕೆನಿಸಿದರೆ ಮಾತ್ರ ಕೊಳ್ಳು.

ಇನ್ನೊಂದು ಮಾತು. ದೊಡ್ಡ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಾವು ಕೊಳ್ಳೋದು ಓದುವ ಪರವಾನಗಿ, ಪುಸ್ತಕ ಅಲ್ಲ. ಮಾರಿದವರಿಗೆ ಹಕ್ಕಿರಲಿಲ್ಲ ಅಂತ 2009ರಲ್ಲಿ ಅಮೆಜಾನ್, ಆರ್ವೆಲ್‌ನ '1984'ರ ಪ್ರತಿಗಳನ್ನು ಓದುಗರ ಕಿಂಡಲ್‌ನಿಂದಲೇ ಅಳಿಸಿ, ಹಣ ವಾಪಸ್ ಕೊಟ್ಟಿತ್ತು.

ಈ ಪರವಾನಗಿ ನಮಗೂ ಅಡ್ಡ ಬಂತು. ಲೆಕ್ಕ ಎಲ್ಲಾ ಅರ್ಥವಾದ ಮೇಲೆ ಹಳೇ ಕ್ಯಾಪ್ಟನ್ ರೂಮಿಗೆ ಹೋಗಿ "ತಪ್ಪಾಯ್ತು ಮಗಾ" ಅಂದ್ವಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಆ ಪುಸ್ತಕ ಕೊಡ್ರೋ, ನಾನೂ ಓದ್ತೀನಿ" ಅಂದ. ಕೊಡೋಕೆ ಆಗಲಿಲ್ಲ, ಅದಿದ್ದದ್ದು ಒಬ್ಬನ ಅಕೌಂಟಲ್ಲಿ. ಭಾನುವಾರ ಹಳೇ ಪುಸ್ತಕದ ಅಂಗಡಿ ಹುಡುಕಿ ಒಂದು ಪ್ರತಿ ತಂದ್ವಿ, ಡಿಸ್ಕೌಂಟ್ ಕೇಳಲಿಲ್ಲ. ಮುಂದಿನ ಸೀಸನ್‌ಗೆ ಕ್ಯಾಪ್ಟನ್ ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಈ ಸಲ ಟೆರೇಸ್ ಮೀಟಿಂಗ್‌ಗೆ ಅವನನ್ನೂ ಕರೆದಿದ್ದೀವಿ.