ಯಾವುದನ್ನು ಹೊರಹಾಕಬೇಕು?

ಸಿ.ವಿ. ರಾಮನ್ ನಗರದ ಬಾಗ್‌ಮನೆ ಟೆಕ್ ಪಾರ್ಕಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೇಂದ್ರವಿದೆ. ಆ ಕಂಪನಿ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಡೇನಿಯಲ್ ಸ್ಲೀಟರ್ ಮತ್ತು ರಾಬರ್ಟ್ ಟಾರ್ಜನ್ ಬರೆದ ಪ್ರಬಂಧವೊಂದು, ಚಿಪ್‌ಗಳೊಳಗೆ ಕ್ಷಣಕ್ಷಣಕ್ಕೂ ನಡೆಯುವ ಒಂದು ತೀರ್ಮಾನವನ್ನು ತೂಗಲು ಹೊಸ ತಕ್ಕಡಿ ಕೊಟ್ಟಿತು.

ಪ್ರೊಸೆಸರ್ ಪಕ್ಕದ ಕ್ಯಾಶ್ ಮೆಮೊರಿ ವೇಗದ್ದು, ಆದರೆ ಪುಟ್ಟದು. ಅದು ತುಂಬಿದ ಮೇಲೆ ಹೊಸ ದತ್ತಾಂಶ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಯಾವುದು? ಮುಂದೆ ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ಕಳಿಸುವುದೇ ಸರಿ ಎಂಬ ಉತ್ತರವನ್ನು ಐಬಿಎಂನ ಲಾಸ್ಲೊ ಬೆಲಾಡಿ 1966ರಲ್ಲೇ ಕೊಟ್ಟಿದ್ದರು. ಆದರೆ ಚಿಪ್‌ಗೆ ನಾಳೆಯ ಸುದ್ದಿ ತಿಳಿಯದು. ಹಾಗಾಗಿ ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು ಹೊರಹಾಕುವ ಎಲ್‌ಆರ್‌ಯು ನಿಯಮ ಬಳಕೆಗೆ ಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸಿ64ಎಕ್ಸ್ ಸಿಗ್ನಲ್ ಪ್ರೊಸೆಸರ್‌ಗಳ ದತ್ತಾಂಶ ಕ್ಯಾಶ್ ಕೂಡ ಇದನ್ನೇ ಪಾಲಿಸುತ್ತದೆ.

ಭವಿಷ್ಯ ಬಲ್ಲವನು ಎಡವುವುದಕ್ಕಿಂತ, ಅದನ್ನು ಅರಿಯದವನು ಎಷ್ಟು ಪಟ್ಟು ಹೆಚ್ಚು ಎಡವಬಹುದು? ಸ್ಲೀಟರ್ ಮತ್ತು ಟಾರ್ಜನ್ ಅಳೆದದ್ದು ಇದನ್ನು. ಮೂರೇ ಜಾಗವಿದ್ದು, ಅ, ಆ, ಇ, ಈ ಎಂಬ ನಾಲ್ಕು ದತ್ತಾಂಶಗಳನ್ನು ಸರದಿಯಂತೆ ಮತ್ತೆ ಮತ್ತೆ ಕೇಳಿದರೆ ಎಲ್‌ಆರ್‌ಯು ಪ್ರತಿ ಸಲವೂ ಸೋಲುತ್ತದೆ. ಈಗಷ್ಟೇ ಹೊರಹಾಕಿದ್ದನ್ನೇ ಮರುಕ್ಷಣ ಕೇಳಲಾಗುತ್ತದೆ. ಬೆಲಾಡಿಯ ವಿಧಾನ ಮೂರಕ್ಕೊಂದು ಸಲ ಮಾತ್ರ ಸೋಲುತ್ತದೆ. ಜಾಗ ಸಾವಿರವಿದ್ದರೆ ಈ ಅಂತರ ಸಾವಿರ ಪಟ್ಟು! ನಾಣ್ಯ ಚಿಮ್ಮದೆ ಖಚಿತವಾಗಿ ನಡೆಯುವ ಯಾವ ನಿಯಮವೂ ಇದಕ್ಕಿಂತ ಉತ್ತಮ ಭರವಸೆ ಕೊಡಲಾರದು ಎಂದೂ ಅವರು ಸಾಧಿಸಿದರು.

ಮೆಮೊರಿ ಹೆಚ್ಚಿದಷ್ಟೂ ಫಲಿತಾಂಶ ಕೆಟ್ಟಂತೆ ಕಾಣುವುದು ವಿಚಿತ್ರ. ಭವಿಷ್ಯಜ್ಞಾನಿಗೂ ನಮ್ಮಷ್ಟೇ ಜಾಗ ಕೊಟ್ಟದ್ದೇ ಇದಕ್ಕೆ ಕಾರಣ. ಅವನಿಗೆ ಅರ್ಧ ಜಾಗ ಕೊಟ್ಟು ನೋಡಿದರೆ, ಎಲ್‌ಆರ್‌ಯು ಸೋಲುಗಳು ಹೆಚ್ಚೆಂದರೆ ಅವನ ಸೋಲುಗಳ ಸುಮಾರು ಎರಡು ಪಟ್ಟು. ನನ್ನ ಮಟ್ಟಿಗೆ ಆ ಪ್ರಬಂಧದ ಅತ್ಯಂತ ಸುಂದರ ಫಲ ಇದೇ: ಭವಿಷ್ಯ ತಿಳಿಯದ ಕೊರತೆಯನ್ನು ಒಂದಿಷ್ಟು ಹೆಚ್ಚು ಮೆಮೊರಿ ತುಂಬಿಕೊಡಬಲ್ಲದು.

ಆಮೇಲೆ ಅದೃಷ್ಟವೂ ನೆರವಿಗೆ ಬಂತು. ಹೊರಹೋಗುವುದನ್ನು ಚೀಟಿ ಎತ್ತಿದಂತೆ ಆರಿಸಿದರೆ, ನಮ್ಮನ್ನು ಸೋಲಿಸಲೆಂದೇ ಸರದಿಯನ್ನು ಮೊದಲೇ ಹೆಣೆದಿಟ್ಟ ಎದುರಾಳಿ ದಿಕ್ಕು ತಪ್ಪುತ್ತಾನೆ. 1991ರಲ್ಲಿ ಲೈಲ್ ಮೆಕ್‌ಗಿಯೊ ಮತ್ತು ಸ್ಲೀಟರ್ ಕೊಟ್ಟ ವಿಧಾನದಲ್ಲಿ, ಸಾವಿರ ಜಾಗಗಳಿದ್ದರೂ ಸರಾಸರಿ ಅಂತರ ಸುಮಾರು ಏಳೂವರೆ ಪಟ್ಟು ಮಾತ್ರ.

ಆದರೆ ಸರಾಸರಿಯೇ ಎಲ್ಲವೂ ಅಲ್ಲ. ಸಿ.ವಿ. ರಾಮನ್ ನಗರದಲ್ಲೇ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಇದೆ. ರೇಡಾರ್‌ನಂಥ ಕೆಲಸದಲ್ಲಿ ಸರಾಸರಿ ವೇಗವಷ್ಟೇ ಸಾಲದು. ತಡವಾಗಿ ಬಂದ ಉತ್ತರ ತಪ್ಪು ಉತ್ತರಕ್ಕೆ ಸಮ. ಅದಕ್ಕೇ ಸಿ64ಎಕ್ಸ್‌ನಂಥ ಚಿಪ್‌ಗಳಲ್ಲಿ ಎರಡನೇ ಹಂತದ ಮೆಮೊರಿಯನ್ನು ಕ್ಯಾಶ್ ಆಗಿ ಬಿಡದೆ, ಯಾವುದು ಎಲ್ಲಿರಬೇಕೆಂದು ಎಂಜಿನಿಯರೇ ನಿರ್ಧರಿಸುವ ಅನುಕೂಲವಿದೆ.

2018ರಿಂದೀಚೆಗೆ ಥೊಡೊರಿಸ್ ಲಿಕೌರಿಸ್ ಮತ್ತು ಸೆರ್ಗೈ ವಸ್ಸಿಲ್ವಿಟ್‌ಸ್ಕಿ ತೋರಿದ ದಾರಿಯಲ್ಲಿ, ಮೆಷಿನ್ ಲರ್ನಿಂಗ್‌ನ ಊಹೆಯನ್ನೂ ಕ್ಯಾಶ್‌ಗೆ ಜೋಡಿಸಲಾಗುತ್ತಿದೆ. ಊಹೆ ನಿಜವಾದರೆ ಬೆಲಾಡಿಯ ಸಮೀಪಕ್ಕೆ ಹೋಗಬಹುದು. ಪೂರ್ತಿ ಸುಳ್ಳಾದರೂ ಸೋಲಿಗೆ ಸಾಬೀತಾದ ಮಿತಿಯೊಂದು ಇದ್ದೇ ಇರುತ್ತದೆ.