ಅಪ್ಪಣೆ ಬೇಡದ ಕೆಲಸ

ಅಮೆರಿಕದ ಮಿನೆಸೋಟ ರಾಜ್ಯದ ತ್ರೀಎಂ ಕಂಪನಿ 1902ರಲ್ಲಿ ಶುರುವಾದದ್ದು ಗಣಿಗಾರಿಕೆಗೆ. ಅಗೆದು ತೆಗೆದ ಕಲ್ಲು ತಾವಂದುಕೊಂಡ ಖನಿಜವೇ ಅಲ್ಲವೆಂದು ಗೊತ್ತಾದ ಮೇಲೆ ಉಪ್ಪುಕಾಗದ ತಯಾರಿಸಿ ಹೇಗೋ ಬದುಕಿಕೊಂಡಿತು. ನೌಕರರ ಸ್ವಾತಂತ್ರ್ಯ ಮತ್ತು ಹೊಸ ಶೋಧಗಳ ಮಾತು ಬಂದಾಗಲೆಲ್ಲ ಈಗ ಅದರ ಹೆಸರು ಬರುತ್ತದೆ. ಆ ಸ್ವಾತಂತ್ರ್ಯ ಅಲ್ಲಿ ಮೊದಲು ನಿಯಮವಾಗಿ ಬರಲಿಲ್ಲ, ಒಬ್ಬ ನೌಕರನ ಹಟದಿಂದ ಬಂತು.

ಎಂಜಿನಿಯರಿಂಗ್ ಓದನ್ನು ಅರ್ಧಕ್ಕೇ ಬಿಟ್ಟಿದ್ದ ರಿಚರ್ಡ್ ಡ್ರೂ 1921ರಲ್ಲಿ ಕಂಪನಿಯ ಪ್ರಯೋಗಾಲಯ ಸೇರಿದರು. ಉಪ್ಪುಕಾಗದದ ಸ್ಯಾಂಪಲ್ ಹಿಡಿದು ಕಾರಿಗೆ ಬಣ್ಣ ಬಳಿಯುವ ಶೆಡ್ಡುಗಳಿಗೆ ಹೋಗುತ್ತಿದ್ದರು. ಆಗ ಎರಡು ಬಣ್ಣದ ಕಾರುಗಳ ಕಾಲ. ಅಡ್ಡ ಅಂಟಿಸಿದ ಕಾಗದ ಕಿತ್ತರೆ ಬಣ್ಣವೂ ಎದ್ದು ಬಂದು, ಪೇಂಟರ್‌ಗಳ ಬಾಯಲ್ಲಿ ಬೈಗುಳ. ಬಣ್ಣ ಕೀಳದ ಟೇಪ್ ಮಾಡಿಕೊಡುತ್ತೇನೆಂದು ಡ್ರೂ ಮಾತು ಕೊಟ್ಟರು. ಇದನ್ನು ಬಿಟ್ಟು ಉಪ್ಪುಕಾಗದ ನೋಡಿಕೋ ಎಂದು ಕಂಪನಿಯ ಹಿರಿಯ ವಿಲಿಯಂ ಮೆಕ್‌ನೈಟ್ ಹೇಳಿದರೂ ಡ್ರೂ ಕೆಲದಿನ ಸುಮ್ಮನಿದ್ದು ಮತ್ತೆ ಅದಕ್ಕೇ ಮರಳಿದರು. ಬೇಕಾದ ಯಂತ್ರಕ್ಕೆ ಮಂಜೂರಾತಿ ಸಿಗದಿದ್ದಾಗ, ತಮ್ಮ ಸಹಿಯ ಮಿತಿ 100 ಡಾಲರ್ ಇದ್ದುದರಿಂದ, 99 ಡಾಲರಿನ ಬಿಲ್ಲುಗಳಾಗಿ ತುಂಡರಿಸಿ ಕೊಂಡರೆಂಬ ಕಥೆಯೂ ಇದೆ. 1925ರಲ್ಲಿ ಮಾಸ್ಕಿಂಗ್ ಟೇಪ್ ಬಂತು, 1930ರಲ್ಲಿ ಪಾರದರ್ಶಕ ಟೇಪ್.

ಇಲ್ಲಿ ಮೆಚ್ಚಬೇಕಾದದ್ದು ಡ್ರೂ ಅವರಷ್ಟೇ ಮೆಕ್‌ನೈಟ್ ಅವರನ್ನೂ. ತಮ್ಮ ಮಾತು ಮೀರಿದವನನ್ನು ಅವರು ಕೆಲಸದಿಂದ ತೆಗೆಯಲಿಲ್ಲ. 1948ರ ಹೊತ್ತಿಗೆ ತಾಂತ್ರಿಕ ಸಿಬ್ಬಂದಿ ತಮ್ಮ ಸಮಯದ ಶೇ. 15ರಷ್ಟನ್ನು ತಮಗೆ ತೋಚಿದ ಕೆಲಸಕ್ಕೆ ಬಳಸಬಹುದೆಂಬ ಪದ್ಧತಿ ನೆಲೆಗೊಂಡಿತು. ಗಡಿಯಾರ ಹಿಡಿದು ಅಳೆಯುವ ಲೆಕ್ಕ ಅದಲ್ಲ. ಹೊಸದೊಂದನ್ನು ಕೆದಕಲು ಯಾರ ಅಪ್ಪಣೆಯನ್ನೂ ಕಾಯಬೇಕಿಲ್ಲ ಎಂಬುದೇ ಅದರ ಅರ್ಥ.

ಅದರ ಫಲ ಕಾಣಲು ಕೆಲವೊಮ್ಮೆ ಹತ್ತಾರು ವರ್ಷ ಬೇಕು. 1968ರಲ್ಲಿ ತ್ರೀಎಂನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟಿಗಾಗಿ ಹುಡುಕುತ್ತಿದ್ದಾಗ ಸಿಕ್ಕಿದ್ದು ದುರ್ಬಲ ಅಂಟು. ಅದರ ಸೂಕ್ಷ್ಮ ಕಣಗಳು ಗುಂಡಗಿದ್ದು, ಕಾಗದವನ್ನು ಅಲ್ಲಲ್ಲಿ ಮಾತ್ರ ತಾಕುತ್ತವೆ. ಹಾಗಾಗಿ ಅಂಟಿದ್ದನ್ನು ಕಿತ್ತರೆ ಕಾಗದ ಹರಿಯದು, ಮತ್ತೆ ಅಂಟಿಸಲೂ ಬರುತ್ತದೆ. ಯಾವುದಕ್ಕೆ ಉಪಯೋಗ ಎಂಬ ಪ್ರಶ್ನೆಗೆ ಉತ್ತರವಿಲ್ಲದೆಯೇ ಸಿಲ್ವರ್ ವರ್ಷಗಟ್ಟಲೆ ಸಹೋದ್ಯೋಗಿಗಳ ಮುಂದೆ ಅದನ್ನು ವಿವರಿಸುತ್ತ ಬಂದರು. ಕೇಳಿದವರಲ್ಲಿ ಆರ್ಟ್ ಫ್ರೈ ಒಬ್ಬರು. ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದ ಅವರಿಗೆ, ಹಾಡಿನ ಪುಸ್ತಕದಲ್ಲಿಟ್ಟ ಗುರುತಿನ ಚೀಟಿಗಳು ಉದುರುವುದೇ ತಲೆನೋವಾಗಿತ್ತು. 1974ರಲ್ಲಿ ಆ ಅಂಟು ನೆನಪಾಯಿತು; ಅಂಟಿಸಿ ಕೀಳಬಹುದಾದ ಚೀಟಿಯ ಯೋಚನೆ ಹುಟ್ಟಿದ್ದು ಹಾಗೆ. 1977ರ ಮಾರುಕಟ್ಟೆ ಪರೀಕ್ಷೆ ಸೋತಿತು, ಏಕೆಂದರೆ ಕೈಯಲ್ಲಿ ಹಿಡಿದು ಬಳಸದ ಹೊರತು ಅದೇನೆಂದು ಜನರಿಗೆ ಹೊಳೆಯಲಿಲ್ಲ. ಮರುವರ್ಷ ಬಾಯ್ಸಿ ನಗರದ ಕಚೇರಿಗಳಿಗೆ ಪುಕ್ಕಟೆ ಹಂಚಿದಾಗ ಬೇಡಿಕೆ ಹುಟ್ಟಿತು. 1980ರಲ್ಲಿ ಆ ಚೀಟಿ ಪೋಸ್ಟ್-ಇಟ್ ಎಂಬ ಹೆಸರಿನಲ್ಲಿ ಅಮೆರಿಕದಾದ್ಯಂತ ಅಂಗಡಿಗೆ ಬಂತು.

ಪ್ರತಿ ತಿಂಗಳೂ ಪ್ರಗತಿ ವರದಿ ಕೇಳುವ ಕಚೇರಿಯಲ್ಲಿ ಆ ಅಂಟು ಎರಡನೇ ವರ್ಷ ದಾಟುತ್ತಿರಲಿಲ್ಲ. ತ್ರೀಎಂಗೇ ಇದರ ಅನುಭವವಾಯಿತು. 2001ರಲ್ಲಿ ಜನರಲ್ ಎಲೆಕ್ಟ್ರಿಕ್‌ನಿಂದ ಬಂದ ಮುಖ್ಯಸ್ಥ ಜೇಮ್ಸ್ ಮೆಕ್‌ನರ್ನಿ ಸಿಕ್ಸ್ ಸಿಗ್ಮಾ ಎಂಬ ಅಳತೆ-ನಿಯಂತ್ರಣದ ಕ್ರಮ ತಂದರು. ಕಾರ್ಖಾನೆಗೆ ಅದರಿಂದ ಲಾಭವಾಯಿತು. ಸಂಶೋಧನೆಯಲ್ಲಿ ಮಾತ್ರ ಫಲ ಮೊದಲೇ ಗೊತ್ತಿರುವ ಸಣ್ಣಪುಟ್ಟ ಸುಧಾರಣೆಗಳಿಗೇ ಒಲವು ಹೆಚ್ಚಿತು. ನಂತರದ ಮುಖ್ಯಸ್ಥ ಜಾರ್ಜ್ ಬಕ್ಲಿ ಪ್ರಯೋಗಾಲಯದ ಮಟ್ಟಿಗೆ ಅದನ್ನು ಸಡಿಲಿಸಬೇಕಾಯಿತು.

ಗೂಗಲ್ ಇದೇ ಜಾಡಿನಲ್ಲಿ ನೌಕರರಿಗೆ ಶೇ. 20ರಷ್ಟು ಸಮಯ ಬಿಟ್ಟುಕೊಟ್ಟಿತು. ಬೆಂಗಳೂರಿನಲ್ಲಿ ಶಾಲೆ ಕಲಿತ, ಅಲ್ಲಿನ ನೌಕರ ಕೃಷ್ಣ ಭರತ್, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಒಂದೇ ಸುದ್ದಿಗಾಗಿ ಹತ್ತು ತಾಣ ಅಲೆಯುವುದು ಬೇಸರವೆನಿಸಿ, ಸುದ್ದಿಗಳನ್ನು ತಾನೇ ಗುಂಪುಗೂಡಿಸುವ ತಂತ್ರಾಂಶ ಬರೆದರು. ಅದೇ 2002ರಲ್ಲಿ ಗೂಗಲ್ ನ್ಯೂಸ್ ಆಯಿತು.

ಎಲ್ಲ ಕಂಪನಿಗೂ ಇದು ಸುಲಭವಲ್ಲ. ಸ್ವಂತ ಉತ್ಪನ್ನ ಮಾರುವವರು ಬಿಡುವಿನ ಖರ್ಚನ್ನು ಮುಂದಿನ ಉತ್ಪನ್ನದಲ್ಲಿ ಗಳಿಸಿಕೊಳ್ಳಬಹುದು. ಗ್ರಾಹಕರಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವ ಸಾಫ್ಟ್‌ವೇರ್ ಸೇವಾ ಉದ್ಯಮದಲ್ಲಿ ಬಿಡುವಿನ ಪ್ರತಿ ಗಂಟೆಯೂ ನೇರ ನಷ್ಟ. ಅಂಥ ಕಡೆ ಹೊಸ ಪ್ರಯೋಗಕ್ಕೆಂದೇ ಬೇರೆ ತಂಡ, ಬೇರೆ ಬಜೆಟ್ ತೆಗೆದಿಡಬೇಕಾಗುತ್ತದೆ.