ಪಂಕ್ತಿಯಲ್ಲಿ ಪಥ್ಯ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಪಂಕ್ತಿಯಲ್ಲಿ ‘ಬ್ಯಾಡ್ರಿ’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಮೊದಲ ಸಲ ಅಂದರೆ ಅದು ಸಂಕೋಚ. ಎರಡನೆಯ ಸಲ ಅಂದರೆ ಇನ್ನಷ್ಟು ಉಪಚಾರ ಮಾಡಿ ಎಂದು ಅರ್ಥ. ಮೂರನೆಯ ಸಲ, ಎರಡೂ ಕೈಗಳನ್ನು ತಾಟಿಗೆ ಅಡ್ಡ ಹಿಡಿದು, ಮೈಯನ್ನೂ ಮುಂದಕ್ಕೆ ಬಾಗಿಸಿ ಅಂದರೆ ಮಾತ್ರ ನಿಜವಾಗಿ ಬೇಡವೆಂದು ತಿಳಿಯಬೇಕು. ಆಗಲೂ ಹುಗ್ಗಿಯ ಸೌಟು ಹಿಡಿದವರು ಬೆರಳ ಸಂದಿಯಲ್ಲೇ ಒಂದಿಷ್ಟು ಇಳಿಸಿ ಮುಂದೆ ಹೋಗುವುದುಂಟು.

ಇಂಥ ನಾಡಿನ ಪಂಕ್ತಿಗೆ ಈಚಿನ ವರ್ಷಗಳಲ್ಲಿ ನಾಲ್ಕನೆಯ ಬಗೆಯ ‘ಬ್ಯಾಡ’ವೊಂದು ಬಂದು ಕೂತಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ದುಡಿಯುವ ಮಕ್ಕಳು ಮದುವೆಗೋ ಜಾತ್ರೆಗೋ ಊರಿಗೆ ಬರುತ್ತಾರೆ. ಒಬ್ಬನಿಗೆ ಕೀಟೋ ಪಥ್ಯ, ಅನ್ನವೂ ಇಲ್ಲ, ರೊಟ್ಟಿಯೂ ಇಲ್ಲ. ಇನ್ನೊಬ್ಬಳು ಗೋಧಿ ಬಿಟ್ಟಿದ್ದಾಳೆ. ಮತ್ತೊಬ್ಬ ಸಂಜೆ ಏಳರ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಇವರಾರೂ ಕೆಟ್ಟವರಲ್ಲ. ಆದರೂ ಸೋದರತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಯಾಕಪ್ಪಾ, ನಮ್ಮನಿ ಊಟ ನಿನಗ ಸೇರಂಗಿಲ್ಲೇನು?’ ಎಂದು ಕೇಳಿದಾಗ ಕೀಟೋ ಎಂಬ ಶಬ್ದ ಯಾವ ಸಮಾಧಾನವನ್ನೂ ಹೇಳಲಾರದು. ಉಣಬಡಿಸುವವರಿಗೆ ಈ ಬೇಡ ಇಷ್ಟು ಆಳವಾಗಿ ಏಕೆ ನಾಟುತ್ತದೆ? ಇದಕ್ಕೆ ಉತ್ತರ ಅಡುಗೆಮನೆಯಲ್ಲಿ ಸಿಗುವುದಿಲ್ಲ. ಅದನ್ನು ನಮ್ಮ ಇತಿಹಾಸದಲ್ಲಿ ಹುಡುಕಬೇಕು.

ಉಣ್ಣದಿರುವುದರ ಅರ್ಥ

ನಮ್ಮ ಸಮಾಜದಲ್ಲಿ ಒಬ್ಬರ ಮನೆಯಲ್ಲಿ ಉಣ್ಣದಿರುವುದು ಬಹುಕಾಲ ನಾಲಗೆಯ ವಿಷಯವಾಗಿರಲಿಲ್ಲ. ಯಾರ ಕೈಯ ನೀರು ನಡೆಯುತ್ತದೆ, ಯಾರ ಒಲೆಯ ಅನ್ನ ನಡೆಯುವುದಿಲ್ಲ, ಯಾರು ಯಾರ ಸಾಲಿನಲ್ಲಿ ಕೂಡಬಾರದು ಎಂಬ ಲೆಕ್ಕವೇ ಜಾತಿಯ ಲೆಕ್ಕವಾಗಿತ್ತು. ಆ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾದಾಗ ಜನ ನೆಪಗಳನ್ನು ಹುಡುಕಿಕೊಂಡರು. ‘ಇವತ್ತು ಸೋಮವಾರ, ಹೊರಗ ಉಣ್ಣಂಗಿಲ್ರಿ’, ‘ಈಗಷ್ಟೇ ಉಂಡು ಬಂದೀನ್ರಿ’ ಎಂಬ ಮಾತುಗಳ ಹಿಂದೆ ಏನಿದೆ ಎಂಬುದು ಹೇಳಿದವರಿಗೂ ಕೇಳಿದವರಿಗೂ ಗೊತ್ತಿರುತ್ತಿತ್ತು. ಹೀಗಾಗಿ ತಾಟು ಸರಿಸಿದರೆ ಮನುಷ್ಯನನ್ನೇ ಸರಿಸಿದಂತೆ ಎಂಬ ಅನುಮಾನ ಈ ನೆಲದ ಆತಿಥ್ಯದಲ್ಲಿ ಬೆರೆತುಹೋಗಿದೆ. ಇಂದಿನ ಹುಡುಗ ತನ್ನ ತೂಕದ ಚಿಂತೆಯಿಂದ ರೊಟ್ಟಿ ಬೇಡವೆಂದರೂ ಹಳೆಯ ನೆನಪೇ ಮೊದಲು ಎಚ್ಚರಗೊಳ್ಳುತ್ತದೆ.

ಈ ತಾರತಮ್ಯಕ್ಕೆ ಉತ್ತರ ಹುಡುಕಿದವರೂ ಇದೇ ಸೀಮೆಯವರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿಮೆಯಷ್ಟೇ ದಾಸೋಹಕ್ಕೂ ಬೆಲೆ ಕೊಟ್ಟರು. ಅನ್ನ ಪ್ರಸಾದವಾದ ಮೇಲೆ ಅದಕ್ಕೆ ಕುಲವಿಲ್ಲ ಎಂಬುದು ಅವರ ನಿಲುವು. ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746-1822) ಒಕ್ಕಲುತನ ಮಾಡಿಕೊಂಡೇ ದಾಸೋಹವನ್ನು ಬದುಕಿನ ವ್ರತವಾಗಿಸಿಕೊಂಡರು. ಮುಂದೆ ಅವರು ಕಲಬುರಗಿಗೆ ಬಂದರು, ಅಲ್ಲಿಯ ದಾಸೋಹದ ಹೆಸರು ಜಿಲ್ಲೆಯ ಆಚೆಗೂ ಹಬ್ಬಿತು. ಬಂದವರು ಯಾರು ಎಂದು ಕೇಳದೆ ಬಡಿಸುವುದೇ ದಾಸೋಹದ ನಿಯಮ. ಅಂಥ ಸಾಲಿನಲ್ಲಿ ಕುಳಿತವನಿಗೆ ‘ಇದು ಬೇಕು, ಅದು ಬೇಡ’ ಎನ್ನುವ ಪ್ರಮೇಯ ಕಡಿಮೆ. ಆರಿಸಿ ಉಣ್ಣುವುದು ಇಲ್ಲಿ ಸೊಕ್ಕಿನಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹೆಸರಿದ್ದ ವ್ರತಗಳು

ಹಾಗೆಂದು ಹಳೆಯ ಕಾಲದವರು ಸಿಕ್ಕಿದ್ದೆಲ್ಲ ಉಂಡರು ಎಂದೇನೂ ಅಲ್ಲ. ಅವರ ‘ಬೇಡ’ಗಳ ಪಟ್ಟಿ ನಮ್ಮದಕ್ಕಿಂತ ಉದ್ದವಾಗಿತ್ತು. ಏಕಾದಶಿಗೆ ಉಪವಾಸ, ಶ್ರಾವಣ ಸೋಮವಾರಕ್ಕೆ ಒಪ್ಪತ್ತು, ರಂಜಾನಿನಲ್ಲಿ ಹಗಲಿಡೀ ರೋಜಾ. ಕಾಶಿಗೆ ಹೋಗಿ ಬಂದವರು ತಮಗೆ ಪ್ರಿಯವಾದ ಒಂದು ಕಾಯಿಯನ್ನೋ ಹಣ್ಣನ್ನೋ ಬಿಟ್ಟಿರುತ್ತಾರೆ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಯಿಲ್ಲ. ಯಾವ ಆಧುನಿಕ ಪಥ್ಯವೂ ಇದಕ್ಕಿಂತ ಕಠಿಣವಾಗಿರಲಾರದು.

ಆದರೆ ಈ ವ್ರತಗಳಿಗೆ ಮೂರು ಗುಣಗಳಿದ್ದವು. ಅವಕ್ಕೆ ಎಲ್ಲರಿಗೂ ಗೊತ್ತಿರುವ ಹೆಸರಿತ್ತು, ಪಂಚಾಂಗದಲ್ಲಿ ಬರೆದ ದಿನವಿತ್ತು, ಮುಗಿಯುವ ಗಡುವಿತ್ತು. ಬೀಗರಿಗೆ ಏಕಾದಶಿ ಎಂದು ಗೊತ್ತಾದರೆ ಅಡುಗೆಯವರು ಕೇಳದೆಯೇ ಹಣ್ಣು ಹಾಲು ಇಡುತ್ತಿದ್ದರು. ವ್ರತಸ್ಥನ ನಿರಾಕರಣೆಯಿಂದ ಯಾರ ಮನಸ್ಸೂ ನೋಯುತ್ತಿರಲಿಲ್ಲ, ಏಕೆಂದರೆ ಅದು ಆತನೊಬ್ಬನ ಲಹರಿಯಾಗಿರಲಿಲ್ಲ. ಇಂದಿನ ಪಥ್ಯಕ್ಕೆ ಇಂಥ ಪಂಚಾಂಗವಿಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು. ದೀಪಾವಳಿಗೆ ಇದ್ದದ್ದು ಯುಗಾದಿಗೆ ಬದಲಾಗಿರುತ್ತದೆ. ಅತಿಥೇಯರಿಗೆ ಸಿದ್ಧತೆಗೆ ದಾರಿಯೇ ಇರುವುದಿಲ್ಲ.

ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹೆಸರಿನಲ್ಲಿ ಈ ಸಂಗತಿಗೆ ಹತ್ತಿರವಾದ ಒಂದು ಕಥೆಯೇ ಇದೆ. ಶ್ರೀ ನರಸಿಂಹ ಸರಸ್ವತಿಯವರ ಚರಿತ್ರೆಯನ್ನು ಹೇಳುವ ಸರಸ್ವತಿ ಗಂಗಾಧರನ ಮರಾಠಿ ‘ಗುರುಚರಿತ್ರೆ’ಯಲ್ಲಿ ಪರಾನ್ನ ಮುಟ್ಟದ ಒಬ್ಬ ಬ್ರಾಹ್ಮಣ ಬರುತ್ತಾನೆ. ಊರಲ್ಲಿ ಸಂತರ್ಪಣೆ ನಡೆದಾಗಲೆಲ್ಲ ಇವನ ಹೆಂಡತಿ ಮನೆಯಲ್ಲೇ ಉಳಿಯಬೇಕು. ಬೇಸತ್ತ ಆಕೆ ಗುರುಗಳಲ್ಲಿ ದೂರುತ್ತಾಳೆ. ಹೆಂಡತಿಯ ಆಸೆ ಪೂರೈಸು ಎಂದು ಗುರುಗಳು ಅವನನ್ನು ಊಟಕ್ಕೆ ಕಳಿಸುತ್ತಾರೆ. ಪಂಕ್ತಿಯಲ್ಲಿ ನಾಯಿ ಹಂದಿಗಳು ತಮ್ಮೊಡನೆ ಉಣ್ಣುತ್ತಿರುವಂತೆ ಕಂಡು ಆಕೆ ಹೇಸಿ ಎದ್ದು ಬರುತ್ತಾಳೆ, ಆಮೇಲೆ ಗುರುಗಳು ಆಚಾರವನ್ನು ವಿವರಿಸುತ್ತಾರೆ. ಕಥೆ ಕೊನೆಗೆ ವ್ರತದ ಪರವಾಗಿಯೇ ನಿಲ್ಲುತ್ತದೆ, ನಿಜ. ಆದರೂ ಒಬ್ಬನ ನಿಯಮದ ಬಿಸಿ ಮನೆಯ ಇನ್ನೊಬ್ಬರಿಗೆ ತಟ್ಟುತ್ತದೆ ಎಂಬುದನ್ನು ಅದು ಮುಚ್ಚಿಟ್ಟಿಲ್ಲ. ಅದೇ ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ಭಕ್ತರು ಐದು ಮನೆಗಳ ಮಧುಕರಿ ಬೇಡುತ್ತಾರೆ. ದತ್ತಾತ್ರೇಯನೇ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ ಅಲ್ಲಿಯದು. ಮಧುಕರಿಯಲ್ಲಿ ಆಯ್ಕೆಯಿಲ್ಲ, ಜೋಳಿಗೆಗೆ ಬಿದ್ದದ್ದೇ ಊಟ. ಆರಿಸಿ ಉಣ್ಣುವವನ ಕಥೆ, ಆರಿಸದೆ ಉಣ್ಣುವ ಪದ್ಧತಿ ಎರಡೂ ಒಂದೇ ಊರಿನಲ್ಲಿವೆ.

ಆಸ್ಪತ್ರೆಯಿಂದ ಹೊರಬಿದ್ದ ಪಥ್ಯ

ಹೊಸ ಪಥ್ಯಗಳೂ ನಿನ್ನೆ ಮೊನ್ನೆಯವಲ್ಲ. ಲಂಡನ್ನಿನ ಶವಸಂಸ್ಕಾರದ ವ್ಯಾಪಾರಿ ವಿಲಿಯಂ ಬ್ಯಾಂಟಿಂಗ್ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆಗಳನ್ನು ಬಿಟ್ಟು ತೆಳ್ಳಗಾದ ಕಥೆಯನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದ. ಕೀಟೋ ಪಥ್ಯಕ್ಕೆ ಆ ಹೆಸರು ಬಂದದ್ದು 1921ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ರಸೆಲ್ ವೈಲ್ಡರ್ ಅದನ್ನು ಸೂಚಿಸಿದ್ದು ತೂಕ ಇಳಿಸುವುದಕ್ಕಲ್ಲ, ಮೂರ್ಛೆರೋಗಿಗಳಿಗೆ. ಗೋಧಿಯ ಗ್ಲುಟನ್ ಕೆಲವರ ಕರುಳನ್ನು ಕೆಡಿಸುತ್ತದೆ ಎಂಬುದನ್ನು ಡಚ್ ಮಕ್ಕಳ ವೈದ್ಯ ವಿಲ್ಲೆಂ ಡಿಕ್ಕೆ ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಸ್ಥಾಪಿಸಿದ. ಸೀಲಿಯಾಕ್ ಎಂಬ ಆ ರೋಗ ಇದ್ದವರಿಗೆ ಒಂದು ತುತ್ತು ಚಪಾತಿಯೂ ತೊಂದರೆಯೇ. ಆದರೆ ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ರೋಗ ತೀರ ವಿರಳ. ರೋಗಿಗೆಂದು ಹುಟ್ಟಿದ ಕಟ್ಟುಪಾಡು ನಿರೋಗಿಯ ಹವ್ಯಾಸವಾದಾಗ, ನಿಜವಾದ ರೋಗಿಯ ಮಾತನ್ನೂ ಜನ ಹಗುರವಾಗಿ ತೆಗೆದುಕೊಳ್ಳುವ ಅಪಾಯವಿದೆ.

ಇಲ್ಲೊಂದು ತಮಾಷೆಯೂ ಉಂಟು. ಪಟ್ಟಣದಿಂದ ಬಂದ ಅತಿಥಿ ಗ್ಲುಟನ್ ಇಲ್ಲದ ಧಾನ್ಯ ಬೇಕೆನ್ನುತ್ತಾನೆ, ಬೇಳೆ ಬೇಕೆನ್ನುತ್ತಾನೆ, ಸೊಪ್ಪು ಬೇಕೆನ್ನುತ್ತಾನೆ. ಆ ಮನೆಯವರು ದಿನಾ ಉಣ್ಣುವುದೇ ಅದು: ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ. ಆದರೆ ಬೀಗರು ಬಂದರೆಂದು ರೊಟ್ಟಿಯನ್ನು ಮರೆಗೆ ಸರಿಸಿ, ಅನ್ನ, ಮೈದಾ ಪೂರಿ, ಸಕ್ಕರೆ ಪಾಕದ ಸಿಹಿಗಳನ್ನು ಮುಂದಿಡುತ್ತಾರೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಮನೆಯ ಊಟವನ್ನು ಅತಿಥಿಗೆ ಬಡಿಸಲು ನಮಗಿನ್ನೂ ಸಂಕೋಚ.

ಜೋಳವನ್ನು ಅತಿಯಾಗಿ ಹೊಗಳುವುದೂ ತಪ್ಪೇ. ರೊಟ್ಟಿಯಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ, ಸಕ್ಕರೆ ಕಾಯಿಲೆಯವರು ಐದು ರೊಟ್ಟಿ ತಿಂದರೆ ಲೆಕ್ಕ ಏರಿಯೇ ಏರುತ್ತದೆ. ದಖನ್ನಿನಲ್ಲಿ ಜೋಳವೊಂದನ್ನೇ ನೆಚ್ಚಿ ಬದುಕಿದ ಬಡವರಲ್ಲಿ ಚರ್ಮ ಸುಲಿದು ಬುದ್ಧಿಭ್ರಮೆ ತರುವ ಪೆಲಾಗ್ರ ರೋಗ ಕಾಣಿಸಿಕೊಳ್ಳುತ್ತಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರ ಸುಮಾರಿಗೆ ಈ ರೋಗಕ್ಕೂ ಜೋಳದ ಲ್ಯೂಸಿನ್ ಎಂಬ ಅಂಶಕ್ಕೂ ನಂಟಿದೆ ಎಂದು ತೋರಿಸಿದರು. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ತೊಗರಿಯಲ್ಲಿ ಧಾರಾಳವಾಗಿದೆ. ರೊಟ್ಟಿಯ ಜೊತೆ ಬೇಳೆ, ಸೊಪ್ಪು, ಶೇಂಗಾ ಹಿಂಡಿ, ಮೊಸರು ಕೂಡಿದಾಗಲೇ ಅದು ಪೂರ್ಣ ಊಟ. ಒಂದನ್ನೇ ಹಿಡಿಯುವ, ಒಂದನ್ನೇ ಬಿಡುವ ಪಥ್ಯಗಳೆಲ್ಲವೂ ಈ ಸರಳ ಸಂಗತಿಯನ್ನು ಮರೆಯುತ್ತವೆ.

ಮೂರು ಬಗೆಯ ಬೇಡ

ಹಾಗಾದರೆ ಪಂಕ್ತಿಯಲ್ಲಿ ಕುಳಿತು ಬೇಡವೆನ್ನುವವರನ್ನು ಹೇಗೆ ನೋಡಬೇಕು? ದೇಹ ಒಲ್ಲೆನ್ನುವವರು, ನಂಬಿಕೆ ಒಲ್ಲೆನ್ನುವವರು, ನಾಲಗೆ ಒಲ್ಲೆನ್ನುವವರು ಎಂದು ಮೂರು ಬಗೆ ಮಾಡಬಹುದು. ಮೊದಲನೆಯವರ ವಿಷಯದಲ್ಲಿ ಉಪಚಾರಕ್ಕೆ ಎಡೆಯಿಲ್ಲ. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲಿ ಅಡಗಿದೆ ನೋಡಿ. ಹಿಂಡಿಯಲ್ಲಿದೆ, ಬದನೆಕಾಯಿಯ ಹೂರಣದಲ್ಲಿದೆ, ಹೋಳಿಗೆಯಲ್ಲಿದೆ. ಶೇಂಗಾ ಒಗ್ಗದ ಮಗುವಿಗೆ ‘ಏನೂ ಆಗಂಗಿಲ್ಲ, ಒಂದೀಟು ತಿನ್ನು’ ಎಂದು ಒತ್ತಾಯಿಸುವುದು ಪ್ರೀತಿಯೇ ಆದರೂ ಪ್ರಾಣಕ್ಕೆ ಎರವಾಗಬಹುದು. ಸಕ್ಕರೆ ಕಾಯಿಲೆಯ ಹಿರಿಯರು ನಾಚಿಕೆಗೆ ಬಾಯಿ ಬಿಡದೆ ಹುಗ್ಗಿ ಉಂಡು, ರಾತ್ರಿ ಒದ್ದಾಡುವುದು ಮದುವೆಮನೆಗಳಿಗೆ ಹೊಸದಲ್ಲ.

ನಾಲಗೆಯ ಹಟದಲ್ಲಿಯೂ ಎಲ್ಲ ಹಟವೂ ಸೊಕ್ಕಲ್ಲ. ಒಂದೇ ರಾಸಾಯನಿಕ ಕೆಲವರಿಗೆ ಕಡುಕಹಿಯಾಗಿ, ಕೆಲವರಿಗೆ ಏನೂ ರುಚಿಯಿಲ್ಲದಂತೆ ತೋರುತ್ತದೆ ಎಂಬುದನ್ನು ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ 1931ರಲ್ಲಿ ಕಂಡುಕೊಂಡ. ಇದು ಹುಟ್ಟಿನಿಂದ ಬಂದದ್ದು. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಹಜ. ಹತ್ತು ಹದಿನೈದು ಸಲ ಒತ್ತಾಯವಿಲ್ಲದೆ ಮುಂದಿಟ್ಟರೆ ಹೆಚ್ಚಿನ ಮಕ್ಕಳು ಕ್ರಮೇಣ ಒಪ್ಪಿಕೊಳ್ಳುತ್ತವೆ. ಹತ್ತು ಜನರ ನಡುವೆ ಬೈದು ಉಣ್ಣಿಸಿದರೆ ಆ ಪಲ್ಯದ ಮೇಲಿನ ಸಿಟ್ಟು ದೊಡ್ಡವನಾದ ಮೇಲೂ ಹೋಗುವುದಿಲ್ಲ.

ಊರು ಕಲಿಸಿದ ಉಪಾಯ

ನಂಬಿಕೆಯ ಭೇದವನ್ನು ನಿಭಾಯಿಸುವ ಜಾಣತನವನ್ನು ಈ ತಾಲ್ಲೂಕುಗಳು ಬಹಳ ಹಿಂದೆಯೇ ಕಲಿತಿವೆ. ಆಳಂದದ ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಈ ಕಡೆಯ ಮುಸಲ್ಮಾನರ ಮದುವೆಗಳಲ್ಲಿ ಮಾಂಸ ತಿನ್ನದ ಗೆಳೆಯರಿಗಾಗಿ ಬೇರೆ ಒಲೆ ಹೂಡಿ, ಬೇರೆ ಅಡುಗೆಯವರನ್ನು ಕರೆಸಿ ಊಟ ಮಾಡಿಸುವುದು ರೂಢಿ. ಏಕೆ ತಿನ್ನುವುದಿಲ್ಲ ಎಂದು ಯಾರೂ ಕೇಳುವುದಿಲ್ಲ. ತಿನ್ನದವರೂ ಮದುವೆಗೆ ಬರುವುದನ್ನು ಬಿಡುವುದಿಲ್ಲ.

ಶಾಲೆಯ ಪಂಕ್ತಿಯಲ್ಲೂ ಇಂಥದೇ ದಾರಿ ಸಿಕ್ಕಿತು. ಬಿಸಿಯೂಟದ ‘ಅಕ್ಷರ ದಾಸೋಹ’ 2002ರಲ್ಲಿ ಮೊದಲಾದದ್ದು ಕಲಬುರಗಿಯೂ ಸೇರಿದ ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಮಕ್ಕಳ ಅಪೌಷ್ಟಿಕತೆ ನೀಗಲು ಇಲ್ಲಿಯೇ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಗಳಿಂದ ವಿರೋಧ ಬಂತು. ಮೊಟ್ಟೆ ತಿನ್ನುವ ಮಗುವಿಗೆ ಮೊಟ್ಟೆ, ಒಲ್ಲದ ಮಗುವಿಗೆ ಬಾಳೆಹಣ್ಣು, ಇಬ್ಬರಿಗೂ ಒಂದೇ ಸಾಲು ಎಂಬ ಏರ್ಪಾಟು ನಿಂತಿತು. ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಆರಿಸಿದರು, ಮುಂದೆ ಯೋಜನೆ ರಾಜ್ಯದಾದ್ಯಂತ ವಿಸ್ತರಿಸಿತು. ಇದಕ್ಕೆ ವಿರುದ್ಧವಾದ ಚಿತ್ರವೂ ಉಂಟು. ಬಿಸಿಯೂಟ ಮಾಡುವವರ ಜಾತಿ ನೋಡಿ ಮಕ್ಕಳನ್ನು ಊಟದಿಂದ ತಡೆದ ಘಟನೆಗಳು ರಾಜ್ಯದ ಹಲವೆಡೆಯಿಂದ ವರದಿಯಾಗಿವೆ. ಮೊಟ್ಟೆ ಒಲ್ಲದ ಮಗು ಬಿಡುವುದು ಒಂದು ಪದಾರ್ಥವನ್ನು. ಅಡುಗೆಯವಳ ಜಾತಿ ನೋಡಿ ಎದ್ದವರು ಬಿಡುವುದು ಒಬ್ಬ ಮನುಷ್ಯಳನ್ನು. ಪಥ್ಯದ ಹೆಸರಿನಲ್ಲಿ ಹಳೆಯ ‘ಇವತ್ತು ಸೋಮವಾರ’ ಮರಳಿ ಬರದಂತೆ ನೋಡಿಕೊಳ್ಳುವ ಹೊಣೆ ಪಥ್ಯದವರ ಮೇಲೆಯೇ ಇದೆ.

ಅದಕ್ಕೆ ಬೇಕಾದದ್ದು ಸಣ್ಣ ಸಂಗತಿಗಳು. ಬರುವವರು ತಮ್ಮ ಪಥ್ಯವನ್ನು ಹಿಂದಿನ ದಿನವೇ ತಿಳಿಸಬೇಕು, ತಾಟು ಮುಂದೆ ಬಂದಾಗ ಅಲ್ಲ. ಆ ಮನೆಯ ಏನನ್ನಾದರೂ, ಕೊನೆಗೆ ಒಂದು ಲೋಟ ಮಜ್ಜಿಗೆಯನ್ನಾದರೂ, ಸಾಲಿನಲ್ಲಿ ಕೂತು ಕುಡಿಯಬೇಕು. ಪಕ್ಕದವನ ಹೋಳಿಗೆಯಲ್ಲಿ ಎಷ್ಟು ಕ್ಯಾಲೊರಿಯಿದೆ ಎಂದು ಎಣಿಸಬಾರದು. ಕರೆದವರು ‘ಏನು ನಡೀತದ, ಏನು ನಡೆಯಂಗಿಲ್ರಿ?’ ಎಂದು ಮೊದಲೇ ಕೇಳಿಕೊಳ್ಳಬೇಕು. ಎರಡು ಸಲ ಉಪಚಾರ ಮಾಡಿ ಮೂರನೆಯ ಸಲಕ್ಕೆ ಸೌಟು ಹಿಂದೆ ತೆಗೆಯಬೇಕು. ಕಾರಣವನ್ನು ಹತ್ತು ಜನರ ಎದುರು ಕೆದಕಬಾರದು.

ನಮ್ಮ ರೊಟ್ಟಿ ಊಟದ ರಚನೆಯೇ ಇದಕ್ಕೆ ಅನುಕೂಲವಾಗಿದೆ. ರೊಟ್ಟಿ, ಪಲ್ಯ, ಬೇಳೆ, ಹಿಂಡಿ, ಮೊಸರು ಎಲ್ಲವೂ ಬೇರೆ ಬೇರೆ ಪಾತ್ರೆಗಳಲ್ಲಿರುತ್ತವೆ. ಒಂದನ್ನು ಬಿಟ್ಟರೆ ಊಟ ಕೆಡುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಬುತ್ತಿಗಳ ಗಂಟು ಬಿಚ್ಚಿದರೆ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಅಂಬಲಿ ಎಂದು ಸಾಲು ಹಿಡಿಯುತ್ತವೆ. ಅಲ್ಲಿ ಯಾರು ಯಾವುದನ್ನು ಬಿಟ್ಟರೆಂದು ಯಾರೂ ನೋಡುವುದಿಲ್ಲ. ಬಂದವರೆಲ್ಲ ಕುಳಿತರೇ ಎಂದಷ್ಟೇ ಹೊಲದ ಒಡತಿ ನೋಡುತ್ತಾಳೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಎರಡನ್ನೂ ಒಂದೇ ಗಾದೆಯಲ್ಲಿ ಸೇರಿಸಿದ್ದಾರೆ. ಪಥ್ಯ ಹಿಡಿದವರು ಮೊದಲರ್ಧವನ್ನು ಚೆನ್ನಾಗಿ ಕಲಿತಿದ್ದಾರೆ. ಉಳಿದರ್ಧವನ್ನು ಬಡಿಸುವವರೂ ಉಣ್ಣುವವರೂ ಕೂಡಿಯೇ ಕಲಿಯಬೇಕಾಗಿದೆ.